ಪರಿಮಳ ಬಾಟಲಿಗೆ ಇಳಿಯುವ ಬಗೆ

ಹೂವಿನ ಶರಬತ್ತಿನ ಮಾತು ಬಂದದ್ದೇ ತಡ, ರಾಯರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ತಾವು ಗುಲಾಬಿ ದಳಗಳನ್ನು ಸಕ್ಕರೆ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿದಾಗ ನೆರೆಮನೆಯವರೂ ಪರಿಮಳಕ್ಕೆ ಸೋತು ಬಾಗಿಲು ತಟ್ಟಿದರೆಂದು ವರ್ಣಿಸಿದರು. ಕನ್ನಡಕ ಒರೆಸುತ್ತಿದ್ದ ಮೇಷ್ಟರು ತಲೆ ಎತ್ತದೆಯೇ, “ಹಾಗಾದರೆ ಶರಬತ್ತನ್ನು ಅವರು ಮೂಗಿನಿಂದ ಕುಡಿದು ಹೋದರು, ನೀವು ಬಾಟಲಿಗೆ ತುಂಬಿದ್ದು ಬರಿಯ ಪಾಕ” ಎಂದರು.

ರಾಯರ ಮುಖ ಬಾಡಿತು. ಹೂವಿನ ಪರಿಮಳವೆಂಬುದು ಬಿಸಿ ತಗುಲಿದರೆ ಗಾಳಿಗೆ ಹಾರುವ ತೈಲಾಂಶವಾದ್ದರಿಂದ, ಪಾಕವನ್ನು ಮೊದಲೇ ಕಾಯಿಸಿ ಕೆಳಗಿಳಿಸಿ, ಅದು ಉಗುರುಬೆಚ್ಚಗಾದ ಮೇಲೆ ದಳಗಳನ್ನೂ ನಿಂಬೆರಸವನ್ನೂ ಸೇರಿಸಿ, ಮುಚ್ಚಳ ಮುಚ್ಚಿ 24 ಗಂಟೆ ಸುಮ್ಮನಿರಬೇಕೆಂದು ಮೇಷ್ಟರು ವಿವರಿಸಿದರು. ಸುಮ್ಮನಿರುವುದೇ ರಾಯರಿಗೆ ಆಗದ ಕೆಲಸವೆಂಬುದು ನಮಗೆಲ್ಲ ಗೊತ್ತಿತ್ತು. ಗುಲಾಬಿ ದಳದ ಬುಡದ ಬಿಳಿಯ ಭಾಗ ಕಹಿಯಾದ್ದರಿಂದ ಅದನ್ನು ಕತ್ತರಿಸಿ ತೆಗೆಯಬೇಕೆಂಬುದನ್ನೂ ಅವರು ಸೇರಿಸಿದರು.

“ಅದಿರಲಿ, ಯುರೋಪಿನವರು ಶರಬತ್ತಿಗೆ ಬಳಸುವ ಎಲ್ಡರ್ ಎಂಬ ಪೊದೆಯ ಬಿಳಿ ಹೂವನ್ನು ನಾನು ಮೂರು ಸಲ ನೀರಿನಲ್ಲಿ ಜಾಲಾಡಿದ್ದೇನೆ” ಎಂದು ರಾಯರು ಮತ್ತೊಂದು ಸಾಧನೆಯನ್ನು ಮುಂದಿಟ್ಟರು. ಆ ಹೂವಿನ ಸುವಾಸನೆಯ ದೊಡ್ಡ ಪಾಲು ಪರಾಗದಲ್ಲಿರುವುದರಿಂದ ಹೂವನ್ನು ತೊಳೆಯದೆ ಮೆಲ್ಲಗೆ ಕೊಡವಿ ಹುಳುಗಳನ್ನು ಉದುರಿಸಿದರೆ ಸಾಕು, ಹಸಿರು ತೊಟ್ಟುಗಳು ಹೊಟ್ಟೆಗೆ ಹಿತವಲ್ಲವಾದ್ದರಿಂದ ಅವನ್ನು ಬಿಡಿಸಬೇಕು ಎಂದು ಮೇಷ್ಟರು ಹೇಳುವಷ್ಟರಲ್ಲಿ ರಾಯರು, “ಹಾಗಾದರೆ ಒಳ್ಳೆಯದೆಲ್ಲವೂ ಬಚ್ಚಲಿಗೆ ಹೋಯಿತೇ?” ಎಂದು ನಿಟ್ಟುಸಿರಿಟ್ಟರು.

ಡಾಕ್ಟರದು ಬೇರೆಯೇ ಕಥೆ. ಆರೋಗ್ಯದ ಹೆಸರಿನಲ್ಲಿ ಅವರು ಸಕ್ಕರೆಯನ್ನು ಮುಕ್ಕಾಲು ಪಾಲು ಕಡಿಮೆ ಮಾಡಿ, ಬಿರಡೆ ಬಿಗಿದು, ಬಾಟಲಿಯನ್ನು ಅಟ್ಟದ ಮೇಲಿಟ್ಟಿದ್ದರು. ಪಾಕದ ತೂಕದಲ್ಲಿ ಸುಮಾರು ಶೇಕಡಾ 65ರಷ್ಟು ಸಕ್ಕರೆಯಿದ್ದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ದಕ್ಕುವುದಿಲ್ಲ. ತೆಳುವಾದ ಪಾಕದಲ್ಲಿ ಹೂವಿನೊಂದಿಗೆ ಬಂದ ಯೀಸ್ಟ್‌ಗೆ ಹಬ್ಬವೋ ಹಬ್ಬ. ಅದು ಸಕ್ಕರೆ ತಿಂದು ಅನಿಲ ಬಿಟ್ಟಿತು, ಬಾಟಲಿ ನಡುರಾತ್ರಿ ಸಿಡಿಯಿತು. “ಅಂತೂ ನಿಮಗೆ ತಪ್ಪಿದ ಸಕ್ಕರೆ ಕಾಯಿಲೆ ಚಾವಣಿಗೆ ಬಂತು” ಎಂದು ರಾಯರು ಚೇತರಿಸಿಕೊಂಡರು. ಸಿಹಿ ಕಡಿಮೆ ಬೇಕಿದ್ದರೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವುದು, ಇಲ್ಲವೇ ಮಂಜುಗಡ್ಡೆಯ ಅಚ್ಚಿನಲ್ಲಿ ಹೆಪ್ಪುಗಟ್ಟಿಸುವುದು ಜಾಣತನ.

ಮುಂದಿನ ಪ್ರಯೋಗಕ್ಕೆ ಉಡುಗೊರೆಯ ಹೂಗುಚ್ಛವನ್ನೇ ಬಳಸುತ್ತೇನೆಂದು ರಾಯರು ಘೋಷಿಸಿದಾಗ, ಅಲಂಕಾರದ ಹೂವಿಗೆ ಕೀಟನಾಶಕ ಸಿಂಪಡಿಸಿರುತ್ತಾರೆಂದು ಮೇಷ್ಟರು ತಡೆದರು. “ಕಣಗಿಲೆಗೆ ಯಾರೂ ಸಿಂಪಡಿಸುವುದಿಲ್ಲ, ಬಣ್ಣವೂ ಚೆಲುವಾಗಿದೆ” ಎಂದು ರಾಯರು ಪಟ್ಟು ಹಿಡಿದರು. ಡಾಕ್ಟರು ಕೂತಲ್ಲಿಂದಲೇ ಎದ್ದು, ಆ ಗಿಡದ ಹೂವು, ಎಲೆ, ಕಾಂಡ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷವೆಂದು ಗುಡುಗಿದರು. ಆ ಇಡೀ ಸಂಜೆಯಲ್ಲಿ ಮೇಷ್ಟರು ತಿದ್ದದೆ ಬಿಟ್ಟ ಮಾತು ಅದೊಂದೇ.