ಮಾಗಿಯ ಚಳಿಗೆ ಸ್ಟಾರ್ಟ್ ಆಗದ ಹಳೆಯ ಕಾರು

ಪ್ರಶ್ನೆ (ಕುವೆಂಪುನಗರ, ಮೈಸೂರು):
ನನ್ನಲ್ಲಿರುವುದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರು. ಚಳಿ ಶುರುವಾದಂದಿನಿಂದ ಬೆಳಗಿನ ಹೊತ್ತು ಸೆಲ್ಫ್ ಹೊಡೆದರೆ ಎಂಜಿನ್ ಮೆಲ್ಲಗೆ ಸುತ್ತುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಮಧ್ಯಾಹ್ನ ಈ ತೊಂದರೆಯಿಲ್ಲ. ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಬೇಕೆನ್ನುತ್ತಾರೆ. ಅದಕ್ಕೂ ಮುನ್ನ ಏನನ್ನು ಪರೀಕ್ಷಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಂಡ್ಯ):
ಮೆಲ್ಲಗೆ ಸುತ್ತುತ್ತದೆ ಎಂದಮೇಲೆ ಮೊದಲ ಅನುಮಾನ ಬ್ಯಾಟರಿಯ ಮೇಲೆಯೇ, ಸರ್. ಚಳಿಯಲ್ಲಿ ಅದರೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲವೂ ಬೇಕಾಗುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದಾಗ 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ತಿ ಇದೆ, 12.2 ಆದರೆ ಸುಮಾರು ಅರ್ಧ ಮಾತ್ರ. ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒರೆಸಿ, ಬಿಗಿಯಾಗಿ ಕೂರಿಸಿ. ನಮ್ಮ ಕಡೆಯ ಚಳಿ ಅಂಥದ್ದೇನಲ್ಲ. ಇಷ್ಟಕ್ಕೇ ಸೋಲುವ ಬ್ಯಾಟರಿ ಬಹುಮಟ್ಟಿಗೆ ಬೇಸಿಗೆಯ ಶಾಖದಲ್ಲೇ ಸವೆದಿರುತ್ತದೆ.

ಉತ್ತರ (ಸರಸ್ವತಿಪುರಂ):
ಬ್ಯಾಟರಿ ಸರಿಯಿದ್ದರೆ ಚೋಕ್ ನೋಡಿ, ಅಂದರೆ ತಣ್ಣಗಿರುವ ಎಂಜಿನ್ ಹತ್ತಿಕೊಳ್ಳಲೆಂದು ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ವ್ಯವಸ್ಥೆ. ಏರ್ ಫಿಲ್ಟರ್ ತೆಗೆದು ಚೋಕ್ ಎಳೆದಾಗ ಕಾರ್ಬ್ಯುರೇಟರಿನ ಬಾಯಲ್ಲಿರುವ ತಗಡು ಮುಚ್ಚಿಕೊಳ್ಳಬೇಕು. ಅರ್ಧಕ್ಕೇ ನಿಂತರೆ ದೋಷ ಕೇಬಲಿನದು, ಅದನ್ನು ಸರಿಪಡಿಸುವುದು ಅಗ್ಗ. ಹತ್ತಲಿಲ್ಲವೆಂದು ಆಕ್ಸಿಲರೇಟರನ್ನು ಪದೇಪದೇ ತುಳಿಯಬೇಡಿ, ಕಿಡಿ ಹಾರಿಸುವ ಪ್ಲಗ್‌ಗಳು ಪೆಟ್ರೋಲಿನಲ್ಲಿ ತೊಯ್ದುಹೋಗುತ್ತವೆ.