ಹಳೇ ಗಾಲ್ಫ್ ಕ್ಲಬ್‌ಗಳಲ್ಲಿ ಆಡೋಕೆ ಆಗುವಂಥ ಸೆಟ್ ಕಟ್ಟೋದು ಹೇಗೆ? ಅನುಭವ ಇರೋರು ಹೇಳಿ

ಪ್ರಶ್ನೆ, ಮಂಡ್ಯದಿಂದ:
ನಮ್ಮ ಮಾವನವರ ಹಳೇ ಗಾಲ್ಫ್ ಬ್ಯಾಗ್ ಮನೆಯಲ್ಲಿದೆ. ಒಂದೇ ಮಾದರಿಯ ಫೋರ್ಜ್ಡ್ ಐರನ್‌ಗಳು (ಉಕ್ಕನ್ನು ಬಡಿದು ಮಾಡಿದ ತಲೆಯ ಕ್ಲಬ್‌ಗಳು) 3, 5, 6, 7, 9. ಮರದ ತಲೆಯ ಡ್ರೈವರ್ ಮತ್ತು 3-ವುಡ್, ಒಂದು ಹಿತ್ತಾಳೆ ಪಟರ್. ಶಾಫ್ಟ್, ಅಂದರೆ ಕೋಲು, ಎಲ್ಲವೂ ಸ್ಟೀಲ್. ಗ್ರಿಪ್‌ಗಳು ಒಣಗಿ ಜಾರುತ್ತವೆ, 3-ವುಡ್‌ನ ಕುತ್ತಿಗೆಗೆ ಸುತ್ತಿದ ದಾರ ಬಿಚ್ಚಿಕೊಂಡಿದೆ. ಗೋಡೆಗೆ ತೂಗುಹಾಕೋದು ಇಷ್ಟವಿಲ್ಲ. ಮೈಸೂರಿನ ರೇಸ್ ಕೋರ್ಸ್ ಒಳಗಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಇದರಲ್ಲೇ ಆಡಬೇಕು. ಯಾವುದನ್ನು ಮೊದಲು ರಿಪೇರಿ ಮಾಡಿಸಲಿ, ಏನೇನು ಸೇರಿಸಲಿ?

ಸರಸ್ವತಿಪುರಂನಿಂದ:
ಮೇಡಂ, ಮೊದಲು ಐರನ್ ನೋಡಿ. ಮರದ ಡ್ರೈವರ್ ಎಲ್ಲರ ಕಣ್ಣಿಗೂ ಬೀಳುತ್ತೆ, ದುಡ್ಡೂ ಅಲ್ಲೇ ಖರ್ಚಾಗುತ್ತೆ. ಆದರೆ ಒಂದು ರೌಂಡಿನಲ್ಲಿ ಅದನ್ನು ಹೆಚ್ಚೆಂದರೆ 14 ಸಲ ತೆಗೀತೀರಿ. ಸ್ಕೋರ್ ಕಟ್ಟೋದು ಐರನ್, ವೆಡ್ಜ್ (ಹತ್ತಿರದಿಂದ ಚೆಂಡನ್ನು ಎತ್ತಿ ಹೊಡೆಯುವ ಕ್ಲಬ್), ಪಟರ್. ಐದು ಐರನ್ ಒಂದೇ ಮಾದರಿಯವು ಇರೋದು ನಿಮಗೆ ದೊಡ್ಡ ಅನುಕೂಲ, ಯಾವ ಕಾರಣಕ್ಕೂ ಆ ಗುಂಪನ್ನು ಒಡೀಬೇಡಿ.

ಕ್ಲಬ್ಬಿನ ಮೇಲಿರುವ ನಂಬರ್ ಮರೆತು ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ನೋಡಿ. 1960-70ರ ದಶಕದ ಐರನ್‌ಗಳಲ್ಲಿ ಸುಮಾರಾಗಿ 3ಕ್ಕೆ 24 ಡಿಗ್ರಿ, 5ಕ್ಕೆ 32, 7ಕ್ಕೆ 40, 9ಕ್ಕೆ 48. ಅಂದರೆ ನಂಬರಿಗೆ ನಾಲ್ಕು ಡಿಗ್ರಿ. ಇವತ್ತಿನ 7-ಐರನ್ 30ರಿಂದ 34 ಡಿಗ್ರಿ ಇರುತ್ತೆ, ಹಾಗಾಗಿ ನಿಮ್ಮ 7-ಐರನ್ ಹೊಡೆಯುವ ದೂರ ಪಕ್ಕದವರ 9-ಐರನ್‌ನಷ್ಟು. ಇದು ಗೊತ್ತಿಲ್ಲದೆ ಹೊಸ ಪಿಚಿಂಗ್ ವೆಡ್ಜ್ ತಂದು ಸೇರಿಸಿದರೆ ಕೆಲಸ ಕೆಡುತ್ತೆ. ಅದರ ಲಾಫ್ಟ್ 44ರಿಂದ 46, ಹಳೇ ಲೆಕ್ಕದಲ್ಲಿ 8 ಮತ್ತು 9ರ ನಡುವೆ ಹೋಗಿ ಕೂರುತ್ತೆ. 9ರ ಆಚೆ ಖಾಲಿ ಜಾಗ ಹಾಗೇ ಉಳಿಯುತ್ತೆ. ನಿಮಗೆ ಬೇಕಾದ್ದು 52 ಮತ್ತು 56 ಡಿಗ್ರಿಯ ಎರಡು ವೆಡ್ಜ್. ಹಳೆಯದಾದರೂ ಸರಿ, ಹೊಸದಾದರೂ ಸರಿ.

ಕಾಣೆಯಾದ 4 ಮತ್ತು 8ರಲ್ಲಿ 8 ಬೇಕು, 4 ಬೇಡ. 3ಕ್ಕೂ 5ಕ್ಕೂ ಎಂಟು ಡಿಗ್ರಿ ಅಂತರ ಇದ್ದರೂ ಸಾಧಾರಣ ವೇಗದ ಸ್ವಿಂಗ್‌ನಲ್ಲಿ ಅಲ್ಲಿ ದೂರದ ವ್ಯತ್ಯಾಸ ಕಡಿಮೆ. 7ಕ್ಕೂ 9ಕ್ಕೂ ನಡುವೆ ಅದೇ ಎಂಟು ಡಿಗ್ರಿ ಗ್ರೀನ್ ಹತ್ತಿರ ಕಾಡುತ್ತೆ. ಅದೇ ಮಾದರಿಯ 8 ಸಿಗದಿದ್ದರೆ ಬೇರೆ ಕಂಪನಿಯದಾಗಲಿ, ಮೂರು ವಿಷಯ ಹೊಂದಬೇಕು. ಲಾಫ್ಟ್ 44ರ ಆಸುಪಾಸು ಇರಬೇಕು. ಉದ್ದ ನಿಮ್ಮ 7ಕ್ಕಿಂತ ಅರ್ಧ ಇಂಚು ಕಡಿಮೆ ಇರಬೇಕು. ಶಾಫ್ಟಿನ ಫ್ಲೆಕ್ಸ್ (ಬಾಗುವ ಗುಣ) ಉಳಿದವುಗಳದ್ದೇ ಆಗಿರಬೇಕು. ತಲೆಯ ಆಕಾರ ಒಂಚೂರು ಬೇರೆ ಇದ್ದರೆ ಎರಡು ವಾರದಲ್ಲಿ ಕಣ್ಣು ಒಗ್ಗಿಕೊಳ್ಳುತ್ತೆ.

ಡ್ರೈವರ್, 3-ವುಡ್, 3, 5, 6, 7, 8, 9, ಎರಡು ವೆಡ್ಜ್, ಪಟರ್: ಒಟ್ಟು 11. ನಿಯಮದ ಮಿತಿ 14. ತುಂಬಿಸಲೇಬೇಕು ಅಂತೇನಿಲ್ಲ. 3, 5, 7, 9 ಮಾತ್ರ ಇರುವ ಹಾಫ್ ಸೆಟ್ ಆ ಕಾಲದಲ್ಲಿ ಅಂಗಡಿಯಲ್ಲೇ ಮಾರಾಟಕ್ಕಿತ್ತು.

ಯಾದವಗಿರಿಯಿಂದ:
3-ಐರನ್ ಬಗ್ಗೆ ನನ್ನದು ಬೇರೆ ಅಭಿಪ್ರಾಯ ಸರ್. 24 ಡಿಗ್ರಿಯ ಬ್ಲೇಡ್ ಐರನ್‌ನಲ್ಲಿ ಚೆಂಡು ಸರಿಯಾಗಿ ತಾಗಬೇಕಾದ ಜಾಗ ಒಂದು ರೂಪಾಯಿ ನಾಣ್ಯದಷ್ಟೂ ಇಲ್ಲ. ಸ್ವಿಂಗ್ ವೇಗ ಇಲ್ಲದವರಿಗೆ ಚೆಂಡು ಮೇಲೇಳೋದೇ ಇಲ್ಲ. 21-22 ಡಿಗ್ರಿಯ ಮರದ 5-ವುಡ್ ಸಿಕ್ಕರೆ 3-ಐರನ್ ಮನೆಯಲ್ಲಿರಲಿ.

ಇನ್ನು ಶಾಫ್ಟ್. ಖರ್ಚು ಮಾಡುವ ಮುಂಚೆ ಇದನ್ನು ಪರೀಕ್ಷೆ ಮಾಡಲೇಬೇಕು. ಹಳೇ ಗ್ರಿಪ್ ಕತ್ತರಿಸಿ ತೆಗೆದ ಮೇಲೇ ನಿಜ ಸ್ಥಿತಿ ಗೊತ್ತಾಗೋದು, ಯಾಕಂದ್ರೆ ಬೆವರು ಗ್ರಿಪ್ಪಿನ ಕೆಳಗೆ ನಿಂತು ಒಳಗೊಳಗೇ ತುಕ್ಕು ಹಿಡಿಸಿರುತ್ತೆ. ಕತ್ತರಿಸುವಾಗ ಚಾಕುವನ್ನು ಮೈಯಿಂದ ಆಚೆ ಕಡೆಗೆ ಎಳೀರಿ. ಮೇಲ್ಮೈ ತುಕ್ಕಾದರೆ ತೀರಾ ನಯವಾದ ಸ್ಟೀಲ್ ವೂಲ್ ಮತ್ತು ಎರಡು ಹನಿ ಮೆಷಿನ್ ಎಣ್ಣೆ ಸಾಕು. ಉಗುರು ಆಡಿಸಿದಾಗ ಗುಳಿ ಸಿಕ್ಕುವಷ್ಟು ಇದ್ದರೆ ಆ ಶಾಫ್ಟ್ ಬೇಡ. ಶಾಫ್ಟ್ ತಲೆಯೊಳಗೆ ಹೋಗುವ ಜಾಗದಿಂದ ಮೇಲೆ ಎರಡು ಇಂಚನ್ನು ವಿಶೇಷವಾಗಿ ನೋಡಿ. ಮುರಿಯೋದು ಅಲ್ಲೇ, ಮುರಿದರೆ ತಲೆ ಹಾರಿ ಯಾರಿಗಾದರೂ ಬಡಿಯುತ್ತೆ. ಬಾಗಿದೆಯಾ ಅಂತ ತಿಳಿಯೋಕೆ ಹಿಡಿಯ ತುದಿಯನ್ನು ಕಣ್ಣಿಗೆ ನೇರ ಮಾಡಿ, ನಿಧಾನ ತಿರುಗಿಸುತ್ತಾ ನೋಡಿ. ನೆಲದ ಮೇಲೆ ಉರುಳಿಸಿ ನೋಡೋದು ಪ್ರಯೋಜನವಿಲ್ಲ, ಶಾಫ್ಟ್ ಕೆಳಕ್ಕೆ ಸಣ್ಣಗಾಗುತ್ತಾ ಹೋಗುತ್ತಲ್ಲ.

ಗ್ರಿಪ್ ಹಾಕೋದು ಮನೆಯಲ್ಲೇ ಆಗುತ್ತೆ. ಮೊದಲು ಶಾಫ್ಟಿನ ಮೇಲ್ತುದಿಯನ್ನು ವರ್ನಿಯರ್‌ನಲ್ಲಿ ಅಳೀರಿ. 15.2 ಮಿ.ಮೀ. ಬಂದರೆ 60 ಅಂತ ಬರೆದಿರುವ ಗ್ರಿಪ್, 14.7 ಬಂದರೆ 58. ಹಳೇ ಟೇಪ್ ಪೂರ್ತಿ ಕೆರೆದು ತೆಗೀರಿ. ಎರಡೂ ಬದಿ ಅಂಟಿರುವ ಟೇಪ್ ಉದ್ದಕ್ಕೆ ಹಾಕಿ, ಮೇಲ್ತುದಿಯಲ್ಲಿ ಅರ್ಧ ಇಂಚು ಹೆಚ್ಚಿಗೆ ಬಿಟ್ಟು ಕೊಳವೆಯ ಒಳಗೆ ಮಡಚಿ. ಗ್ರಿಪ್ಪಿನ ತೂತು ಬೆರಳಲ್ಲಿ ಮುಚ್ಚಿ ಒಳಗೆ ಮಿನರಲ್ ಟರ್ಪೆಂಟೈನ್ ಸುರಿದು ಕುಲುಕಿ, ಅದೇ ದ್ರವವನ್ನು ಟೇಪಿನ ಮೇಲೆ ಹರಿಸಿ, ಒಂದೇ ಸಲಕ್ಕೆ ತಳ್ಳಿ. ಅರ್ಧಕ್ಕೆ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಗೆರೆ ನೇರ ಮಾಡಿ ರಾತ್ರಿಯಿಡೀ ಬಿಡಿ. ಒಲೆ, ದೀಪ ಹತ್ತಿರ ಇರಬಾರದು. ಎಲ್ಲಾ ಕ್ಲಬ್ಬಿಗೂ ಒಂದೇ ತೂಕದ ಗ್ರಿಪ್ ತಗೊಳ್ಳಿ, ಸಾಮಾನ್ಯವಾಗಿ 50 ಗ್ರಾಂ ಸುತ್ತಮುತ್ತ ಇರುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಬೇರೆ ಮಾದರಿಯ 8 ತಂದರೆ ಅದು ಉಳಿದವುಗಳ ಜೊತೆ ಹೊಂದುತ್ತೋ ಇಲ್ಲವೋ ಅಂತ ಸ್ವಿಂಗ್ ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತೆ ಅನ್ನೋದು) ಅಳೆಯುವ ಮೆಷಿನ್ ಇಲ್ಲದೆ ಹೇಗೆ ನೋಡೋದು?

ವಿಜಯನಗರದಿಂದ:
ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಟೇಪ್, ಒಂದು ಮರದ ಸ್ಕೇಲ್ ಇದ್ದರೆ ಸಾಕು. ಹೊಸ ಗ್ರಿಪ್ ಹಾಕಿದ ಮೇಲೆ ಕ್ಲಬ್ಬಿನ ಒಟ್ಟು ತೂಕ ಗ್ರಾಂನಲ್ಲಿ ಬರ್ಕೊಳ್ಳಿ. ಸ್ಕೇಲಿನ ಅಂಚನ್ನು ಮೇಲ್ಮುಖ ಮಾಡಿ ಹಿಡಿದು, ಅದರ ಮೇಲೆ ಶಾಫ್ಟ್ ಅಡ್ಡ ಇಟ್ಟು, ಎರಡೂ ಕಡೆ ಸಮ ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಗ್ರಿಪ್ಪಿನ ಮೇಲ್ತುದಿಯಿಂದ ಆ ಗುರುತಿಗೆ ಎಷ್ಟು ಇಂಚು ಅಂತ ಅಳೀರಿ. ಅದರಲ್ಲಿ 14 ಕಳೆದು ತೂಕದಿಂದ ಗುಣಿಸಿ. ಉತ್ತರ 6050ರ ಹತ್ತಿರ ಬಂದರೆ ಅದು ಸ್ವಿಂಗ್ ವೇಟ್ ಲೆಕ್ಕದಲ್ಲಿ ಡಿ0. ಅಲ್ಲಿಂದ ಪ್ರತಿ 50ಕ್ಕೆ ಒಂದು ಪಾಯಿಂಟ್ ಹೆಚ್ಚು ಅಥವಾ ಕಡಿಮೆ.

ಉದಾಹರಣೆಗೆ 5-ಐರನ್ 420 ಗ್ರಾಂ, ಸಮತೋಲದ ಗುರುತು 28.5 ಇಂಚು: 14.5 × 420 = 6090, ಡಿ1 ಅನ್ನಬಹುದು. 9-ಐರನ್ 445 ಗ್ರಾಂ, ಗುರುತು 27.5: 13.5 × 445 = 6007, ಅದು ಸಿ9, ಅಂದರೆ ಡಿ0ಗಿಂತ ಒಂದು ಪಾಯಿಂಟ್ ಕಡಿಮೆ. ಇಂಚಿನ ಎಂಟನೇ ಒಂದು ಭಾಗ ತಪ್ಪಿದರೂ ಒಂದು ಪಾಯಿಂಟ್ ಆಚೀಚೆ ಆಗುತ್ತೆ, ಆದ್ದರಿಂದ ಗುರುತು ಹಾಕೋಕೆ ಚೂಪು ಪೆನ್ಸಿಲ್ ಬಳಸಿ, ಮೂರು ಸಲ ಅಳೆದು ನೋಡಿ.

ಐರನ್‌ಗಳೆಲ್ಲ ಎರಡು ಪಾಯಿಂಟಿನೊಳಗೆ ಇದ್ದರೆ ಕೈಗೆ ವ್ಯತ್ಯಾಸ ತಿಳಿಯಲ್ಲ. ಹಗುರವಿದ್ದರೆ ತಲೆಯ ಹಿಂಭಾಗಕ್ಕೆ ಸೀಸದ ಟೇಪ್ ಅಂಟಿಸಿ, 2 ಗ್ರಾಂಗೆ ಸುಮಾರು ಒಂದು ಪಾಯಿಂಟ್ ಏರುತ್ತೆ. ತಲೆ ಭಾರ ಅನ್ನಿಸಿದರೆ ತಲೆಯನ್ನು ಉಜ್ಜಬೇಡಿ, 5 ಗ್ರಾಂ ಹೆಚ್ಚಿನ ಗ್ರಿಪ್ ಹಾಕಿ, ಒಂದು ಪಾಯಿಂಟ್ ಇಳಿಯುತ್ತೆ. ಉದ್ದ ಅರ್ಧ ಇಂಚು ಬದಲಾದರೆ ಮೂರು ಪಾಯಿಂಟ್ ಬದಲಾಗುತ್ತೆ. ಹಿಂದೆ ಯಾರಾದರೂ ಒಂದೆರಡು ಕ್ಲಬ್ ಕತ್ತರಿಸಿ ಗಿಡ್ಡ ಮಾಡಿದ್ದರೆ ಈ ಲೆಕ್ಕದಲ್ಲಿ ತಕ್ಷಣ ಸಿಕ್ಕಿಬೀಳುತ್ತೆ.

ಲಾಫ್ಟ್ ಕೂಡ ಅಳೆಸಿ. ಫೋರ್ಜ್ಡ್ ಐರನ್‌ನ ಉಕ್ಕು ಮೆದು, ವರ್ಷಗಟ್ಟಲೆ ಗಟ್ಟಿ ನೆಲಕ್ಕೆ ಹೊಡೆದು ಒಂದೆರಡು ಡಿಗ್ರಿ ತಿರುಗಿರುತ್ತೆ. ಲಾಫ್ಟ್-ಲೈ ಮೆಷಿನ್‌ನಲ್ಲಿ ಬಗ್ಗಿಸಿ ಸರಿಮಾಡಬಹುದು, ಎರಡು ಡಿಗ್ರಿ ದಾಟಬೇಡಿ. ಲಾಫ್ಟ್ ಒಂದು ಡಿಗ್ರಿ ಕಡಿಮೆ ಮಾಡಿದರೆ ಬೌನ್ಸ್ (ತಲೆ ನೆಲಕ್ಕೆ ಹೂತುಕೊಳ್ಳದಂತೆ ತಡೆಯುವ ಅಡಿಭಾಗದ ಕೋನ) ಕೂಡ ಒಂದು ಡಿಗ್ರಿ ಹೋಗುತ್ತೆ, ಕ್ಲಬ್ ನೆಲ ಅಗೆಯೋಕೆ ಶುರುಮಾಡುತ್ತೆ. ಎರಕದ ಸ್ಟೇನ್‌ಲೆಸ್ ಐರನ್ ಆದರೆ ಬಗ್ಗಿಸುವ ಗೋಜಿಗೇ ಹೋಗಬೇಡಿ.

ಕೃಷ್ಣಮೂರ್ತಿಪುರಂನಿಂದ:
ಮರದ ಕ್ಲಬ್‌ಗಳ ಬಗ್ಗೆ ನಾನು ಹೇಳ್ತೀನಿ. ಮೊದಲು ಅದು ಇಡೀ ಮರವೋ ಲ್ಯಾಮಿನೇಟೋ ನೋಡಿ. ತಲೆಯ ಮೇಲೆ ತೆಳು ಪದರಗಳ ಗೆರೆ ಸಾಲಾಗಿ ಕಂಡರೆ ಅದು ಮೇಪಲ್ ಲ್ಯಾಮಿನೇಟ್. ಆಡೋಕೆ ಅದರಲ್ಲಿ ಏನೂ ಕೊರತೆ ಇಲ್ಲ, ತೇವವನ್ನೂ ಚೆನ್ನಾಗಿ ತಡೆಯುತ್ತೆ. ಒಂದೇ ನಾರಿನ ಮರವಾದರೆ ಪರ್ಸಿಮನ್. ನಮ್ಮ ಬೀಡಿ ಎಲೆ ಮರದ ಕುಲಕ್ಕೇ ಸೇರಿದ ಅಮೆರಿಕದ ಗಟ್ಟಿಮರ ಅದು. ಮಳೆಗಾಲದಲ್ಲಿ ಉಬ್ಬುತ್ತೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿ ಕುಗ್ಗುತ್ತೆ. ಸ್ಕ್ರೂ ಸಡಿಲವಾಗೋದು, ಮುಖದ ಮಧ್ಯೆ ಕೂರಿಸಿದ ತುಂಡು (ಇನ್ಸರ್ಟ್) ಕದಲೋದು, ಕುತ್ತಿಗೆ ಸೀಳೋದು ಎಲ್ಲಕ್ಕೂ ಮೂಲ ಇದೇ.

ಕುತ್ತಿಗೆಗೆ ಸುತ್ತಿದ ದಾರ ಅಲಂಕಾರಕ್ಕಲ್ಲ. ಶಾಫ್ಟ್ ಹೊಕ್ಕಿರುವ ತೆಳು ಮರ ಹೊಡೆತಕ್ಕೆ ಸೀಳದಂತೆ ಹಿಡಿದಿಡೋದೇ ಅದು. ಹಾಗಾಗಿ ನಿಮ್ಮ 3-ವುಡ್‌ನಲ್ಲಿ ದಾರ ಸುತ್ತುವ ತನಕ ಒಂದು ಚೆಂಡನ್ನೂ ಹೊಡೀಬೇಡಿ. ಹಳೇ ದಾರ ಪೂರ್ತಿ ತೆಗೆದು ಕುತ್ತಿಗೆಯನ್ನು ಬಿಸಿಲಿನಲ್ಲಿ ಭೂತಕನ್ನಡಿ ಹಿಡಿದು ನೋಡಿ. ಕೂದಲೆಳೆ ಸೀಳು ಇದ್ದರೆ ತೆಳು ಎಪಾಕ್ಸಿ ಅಂಟನ್ನು ಹೇರ್ ಡ್ರೈಯರ್‌ನಲ್ಲಿ ಲಘುವಾಗಿ ಬಿಸಿ ಮಾಡಿ ಸೀಳಿನೊಳಗೆ ಇಳಿಸಿ, ಗಟ್ಟಿಯಾಗಿ ಕಟ್ಟಿ, ಒಂದು ದಿನ ಬಿಡಿ. ಆಮೇಲೆ ಮೇಣ ಹಚ್ಚಿದ ದಾರ ಸುಮಾರು 5 ಮೀಟರ್ ತಗೊಳ್ಳಿ, ಚಪ್ಪಲಿ ಹೊಲಿಯುವವರ ಹತ್ತಿರ ಇರೋದು ಆಗುತ್ತೆ. ತುದಿಯನ್ನು ಕುತ್ತಿಗೆಯ ಉದ್ದಕ್ಕೆ ಮಲಗಿಸಿ ಅದರ ಮೇಲೇ ಸುತ್ತು ಶುರುಮಾಡಿ. ದಾರ ಬಿಗಿ ಹಿಡಿದು ಕ್ಲಬ್ಬನ್ನು ತಿರುಗಿಸಬೇಕು, ದಾರವನ್ನಲ್ಲ. ಆಗ ಬಿಗಿ ಒಂದೇ ಸಮ ಬರುತ್ತೆ. ಕೊನೆಯ ಎಂಟ್ಹತ್ತು ಸುತ್ತಿಗೆ ಮುಂಚೆ ಬೇರೊಂದು ತುಂಡು ದಾರವನ್ನು ಕುಣಿಕೆ ಮಾಡಿ ಮಲಗಿಸಿ, ಅದರ ಮೇಲೆ ಸುತ್ತು ಮುಗಿಸಿ, ಉಳಿದ ತುದಿಯನ್ನು ಕುಣಿಕೆಗೆ ತೂರಿಸಿ ಎಳೆದುಬಿಡಿ. ತುದಿ ಸುತ್ತಿನ ಕೆಳಗೆ ಹೋಗಿ ಕೂರುತ್ತೆ, ಗಂಟು ಬೇಕಿಲ್ಲ. ಕ್ರಿಕೆಟ್ ಬ್ಯಾಟಿನ ಹಿಡಿಗೆ ದಾರ ಕಟ್ಟುವವರಿಗೆ ಈ ಕೆಲಸ ಗೊತ್ತು, ಅವರಿಂದಲೂ ಮಾಡಿಸಬಹುದು.

ಮುಖದ ಇನ್ಸರ್ಟ್ ಮತ್ತು ಅಡಿಯ ಸೋಲ್ ಪ್ಲೇಟ್‌ನ ಸ್ಕ್ರೂಗಳು ಸಡಿಲವಿದ್ದರೆ ಬರೀ ಬಿಗಿ ಮಾಡಿದರೆ ಮತ್ತೆ ಸಡಿಲವಾಗುತ್ತೆ. ಬಿಚ್ಚಿ, ತೂತಿಗೆ ಒಂದು ಹನಿ ಎಪಾಕ್ಸಿ ಹಾಕಿ, ತಿರುಗಿಸಿ ಕೂರಿಸಿ. ಬಿಚ್ಚೋಕೆ ಬರದಿದ್ದರೆ ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆ ಮೇಲೆ ಅರ್ಧ ನಿಮಿಷ ಇಟ್ಟು ಆಮೇಲೆ ತಿರುಗಿಸಿ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಬಳಸಿದರೆ ಹಿತ್ತಾಳೆ ತಲೆ ಹರಿದುಹೋಗುತ್ತೆ. ಸೋಲ್ ಪ್ಲೇಟ್ ಕೆಳಗೆ ಸೀಸ ಇರುತ್ತೆ, ಅದನ್ನು ತೆಗೀಬೇಡಿ, ತೂಕ ಅದರಿಂದಲೇ ಬಂದಿರೋದು.

ಪಾಲಿಶ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೈಸೂರಿನಲ್ಲಿ ಬೀಟೆ ಮರದ ಇನ್ಲೇ ಮಾಡುವ ಕೈಗಳು ಇವೆ, ಬಣ್ಣ ಹೊಂದಿಸೋದರಲ್ಲಿ ಅವರಿಗೆ ಸಾಟಿ ಇಲ್ಲ. ಆದರೆ ಕೊನೆಯ ಲೇಪ ಫ್ರೆಂಚ್ ಪಾಲಿಶ್ ಬೇಡ ಅಂತ ಮೊದಲೇ ಹೇಳಿ. ಅದು ಅರಗು, ಬೆಳಗಿನ ಇಬ್ಬನಿ ಹುಲ್ಲಿಗೆ ಬೆಳ್ಳಗೆ ಮಂಕಾಗುತ್ತೆ. ಪಾಲಿಯುರೆಥೇನ್ ವಾರ್ನಿಶ್ ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲಕ್ಕೂ ಒಂದು ದಿನ ಬಿಟ್ಟು, ನಡುವೆ 400 ನಂಬರ್ ಮರಳು ಕಾಗದ. ಮಳೆ ಹಿಡಿದ ವಾರದಲ್ಲಿ ಈ ಕೆಲಸ ಬೇಡ. ಡ್ರೈವರ್ ಮುಖವನ್ನು ಮಾತ್ರ ಉಜ್ಜಿ ಚಪ್ಪಟೆ ಮಾಡಬೇಡಿ, ಅದರ ಉಬ್ಬು ಬೇಕಂತಲೇ ಕೊಟ್ಟಿರೋದು. ತಲೆಯ ತುದಿಯಲ್ಲೋ ಹಿಮ್ಮಡಿಯಲ್ಲೋ ತಾಗಿದ ಚೆಂಡು ಗಾಳಿಯಲ್ಲಿ ತಿರುಗಿದರೂ ಮಧ್ಯಕ್ಕೆ ಬರುವಂತೆ ಮಾಡೋದು ಆ ಉಬ್ಬೇ.

ಕುವೆಂಪುನಗರದಿಂದ:
ಐರನ್ ತಲೆ ಅಲ್ಲಾಡುತ್ತಿದ್ದರೆ ಎಳೆಯುವ ಮೊದಲು ಕುತ್ತಿಗೆಯ ಪಕ್ಕದಲ್ಲಿ ಎರಡು ಮೂರು ಮಿ.ಮೀ. ಚುಕ್ಕೆ ಇದೆಯಾ ನೋಡಿ. ಹಳೇ ಐರನ್‌ಗಳಲ್ಲಿ ಅಡ್ಡ ಪಿನ್ ಹೊಡೆದಿರುತ್ತಾರೆ. ಅದನ್ನು ಪಂಚಿಂದ ಹೊರಗೆ ತಳ್ಳದೆ ಬಿಸಿ ಮಾಡಿ ಎಳೆದರೆ ಶಾಫ್ಟ್ ಹಾಳು. ಮತ್ತೆ ಕೂರಿಸುವಾಗ ಶಾಫ್ಟ್ ತುದಿ ಮತ್ತು ಹೋಸಲ್ (ತಲೆಯಲ್ಲಿ ಶಾಫ್ಟ್ ಕೂರುವ ಕೊಳವೆ) ಒಳಭಾಗ ಎರಡನ್ನೂ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, 24 ಗಂಟೆ ತಗೊಳ್ಳುವ ಸಾಧಾರಣ ಅರಾಲ್ಡೈಟ್ ಹಾಕಿ. ಐದು ನಿಮಿಷದ್ದು ಹೊಡೆತ ತಡೆಯಲ್ಲ.

ಐರನ್‌ಗೆ ಕ್ರೋಮ್ ಪ್ಲೇಟಿಂಗ್ ಮಾಡಿಸೋ ಆಸೆ ಬಂದರೆ ಬಿಡಿ. ಪ್ಲೇಟಿಂಗ್‌ಗೆ ಮುಂಚೆ ಬಫ್ ಹೊಡೆಯುವಾಗ ಮುಖದ ಮೇಲಿನ ಗ್ರೂವ್ ಗೀರುಗಳ ಅಂಚೂ ಹೋಗುತ್ತೆ, ಗ್ರಾಂಗಳೂ ಹೋಗುತ್ತವೆ.

ಪ್ರಶ್ನೆ ಕೇಳಿದವರು:
ಕಾಣೆಯಾದ 8 ಮತ್ತು ವೆಡ್ಜ್ ಎಲ್ಲಿ ಹುಡುಕಲಿ? ಕ್ಲಬ್ ಸ್ಪರ್ಧೆಯಲ್ಲಿ ಇವನ್ನು ಆಡಿಸುತ್ತಾರಾ?

ಸರಸ್ವತಿಪುರಂನಿಂದ:
ಮೊದಲು ಕ್ಯಾಡಿಗಳನ್ನು ಕೇಳಿ, ಯಾರ ಮನೆಯಲ್ಲಿ ಯಾವ ಹಳೇ ಬ್ಯಾಗ್ ಇದೆ ಅನ್ನೋದು ಅವರಿಗೆ ತಿಳಿದಿರುತ್ತೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗಲೂ ಸಿಗುತ್ತೆ. 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ ಕಡೆಯ ಹಳೇ ಸದಸ್ಯರನ್ನೂ ವಿಚಾರಿಸಿ. ಫೋಟೋ ನೋಡಿ ಕೊಳ್ಳುವುದಾದರೆ ಮುಖ, ಅಡಿ, ಕುತ್ತಿಗೆ, ಹೋಸಲ್ ಮೇಲಿನ ಎರಡು ಇಂಚು ಹತ್ತಿರದಿಂದ ತೆಗೆದು ಕಳಿಸಿ ಅನ್ನಿ. ತುದಿಯಿಂದ ತುದಿಗೆ ಉದ್ದದ ಅಳತೆ ಕೇಳಿ. ಇಷ್ಟು ಕೊಡದವರಿಂದ ಬೇಡ.

ಸ್ಪರ್ಧೆಗೆ ತೊಂದರೆ ಇಲ್ಲ. ಅನುಮೋದಿತ ಡ್ರೈವರ್‌ಗಳ ಪಟ್ಟಿ ಜಾರಿ ಮಾಡಿದ ಸ್ಪರ್ಧೆಯಲ್ಲೂ 1999ಕ್ಕಿಂತ ಮುಂಚೆ ತಯಾರಾದ ಡ್ರೈವರ್ ತಲೆಗೆ ವಿನಾಯಿತಿ ಇದೆ. ಬ್ಯಾಗಿನಲ್ಲಿ ಹಳೇ ಚೆಂಡುಗಳಿದ್ದರೆ ಮಾತ್ರ ಅಳತೆ ನೋಡಿ. 1.62 ಇಂಚಿನ ಬ್ರಿಟಿಷ್ ಚೆಂಡು 1990ರಿಂದ ನಿಯಮಕ್ಕೆ ಹೊರಗೆ.

ಕೃಷ್ಣಮೂರ್ತಿಪುರಂನಿಂದ:
ಚೆಂಡಿನ ಮಾತು ಬಂತು, ಸೇರಿಸ್ತೀನಿ. ಡ್ರೈವಿಂಗ್ ರೇಂಜಿನ (ಹೊಡೆತ ಅಭ್ಯಾಸ ಮಾಡುವ ಜಾಗದ) ಗಟ್ಟಿ ಚೆಂಡನ್ನು ಮರದ ಕ್ಲಬ್ಬಿನಲ್ಲಿ ಹೊಡೀಲೇಬೇಡಿ, ಇನ್ಸರ್ಟ್ ಸೀಳುತ್ತೆ. ಕಡಿಮೆ ಕಂಪ್ರೆಷನ್‌ನ ಮೆದು ಚೆಂಡು ತಗೊಳ್ಳಿ. ಟೀ ಕೂಡ 2⅛ ಇಂಚಿನ ಗಿಡ್ಡದ್ದು. ಈಗಿನ ಉದ್ದ ಟೀ ಮೇಲೆ ಚೆಂಡಿಟ್ಟರೆ ಇಷ್ಟು ಚಿಕ್ಕ ತಲೆ ಚೆಂಡಿನ ಕೆಳಗೇ ಹಾದುಹೋಗುತ್ತೆ, ಮೇಲ್ಭಾಗದ ವಾರ್ನಿಶ್ ಎದ್ದುಹೋಗುತ್ತೆ. ಆಟ ಮುಗಿದ ಮೇಲೆ ತಲೆ ಒರೆಸಿ, ಒದ್ದೆ ಉಣ್ಣೆ ಕವರ್ ಹಾಕದೆ ನೆರಳಲ್ಲಿ ಒಣಗಿಸಿ. ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಏಪ್ರಿಲ್ ಬಿಸಿಗೆ ಎಪಾಕ್ಸಿ ಸಡಿಲವಾಗಿ ಮರ ಕುಗ್ಗುತ್ತೆ, ಸುತ್ತಿದ ದಾರ ಮತ್ತೆ ಬಿಚ್ಚಿಕೊಳ್ಳುತ್ತೆ.