ಅವ್ವಗ ಮನ್ಯಾಗ ಬಿಪಿ ನೋಡಾಕ ಯಾವ ಮಷಿನ್ ತಗೋಬೇಕ್ರಿ?

ಕೇಳಿದವರು, ಹುಬ್ಬಳ್ಳಿ:
ಅವ್ವಗ 66 ವರ್ಷ. ಒಂದು ವಾರ ಮನ್ಯಾಗ ಬಿಪಿ ನೋಡಿ ಬರಕೊಂಡು ಬರ್ರಿ ಅಂದಾರ ಡಾಕ್ಟರು. ಅಂಗಡ್ಯಾಗ ಮಣಿಕಟ್ಟಿಗೆ ಕಟ್ಟೋದು, ರಟ್ಟಿಗೆ ಕಟ್ಟೋದು ಎರಡೂ ಅದಾವ. ಮಣಿಕಟ್ಟಿಂದಾದ್ರ ಆಕಿ ಒಬ್ಬಾಕೀನ ಕಟ್ಕೋಬಹುದು. ರಟ್ಟಿ ಸ್ವಲ್ಪ ದಪ್ಪ ಐತಿ. ಬಲ್ಲವ್ರು ಹೇಳ್ರಿ.

ಧಾರವಾಡದಿಂದ:
ರಟ್ಟೀದ ತಗೋರಿ. ಮಣಿಕಟ್ಟಿನ ಮಷಿನ್ ಎದೀ ಮಟ್ಟಕ್ಕ ಹಿಡಿದ್ರ ಮಾತ್ರ ಖರೇ ಹೇಳ್ತೈತಿ. ಕೈ ಎದೀಗಿಂತ 10 ಸೆಂಟಿಮೀಟರ್ ಕೆಳಗ ಇಳಿದ್ರ ಸಾಕು, 7-8 ಪಾಯಿಂಟ್ ಜಾಸ್ತಿ ಬರ್ತೈತಿ. ವಯಸ್ಸಾದವ್ರು ಕೈ ತೊಡೀ ಮ್ಯಾಲೆ ಇಟ್ಕೊಂಡ ಬಟನ್ ಒತ್ತತಾರ.

ಮಷಿನ್‌ಗಿಂತ ಮೊದಲ ಸುತ್ತೋ ಪಟ್ಟಿ ನೋಡ್ರಿ. ಅಂಗಡಿಗೆ ಹೋಗೂಕಿಂತ ಮುಂಚೆ ಸಿಂಪಿಗ್ಯಾರ ಟೇಪ್ ತಗೊಂಡು, ಹೆಗಲ ತುದಿಗೂ ಮೊಣಕೈ ಎಲುಬಿಗೂ ನಟ್ಟನಡುವ ರಟ್ಟಿ ಸುತ್ತಳತಿ ಅಳೀರಿ, ಟೇಪ್ ಬಿಗೀಬ್ಯಾಡ್ರಿ. ಭಾಳಷ್ಟು ಮಷಿನ್ ಜೋಡಿ ಬರೋ ಪಟ್ಟಿ 22ರಿಂದ 32 ಸೆಂಟಿಮೀಟರಿಗಷ್ಟ. ಅವ್ವಂದು 34 ಬಂತಂದ್ರ ಅದು ನಡ್ಯಾಂಗಿಲ್ಲ, 22-42 ಅಂತ ಬರದಿರೋದು ಕೇಳ್ರಿ. ಸಣ್ಣ ಪಟ್ಟಿಯೊಳಗಿನ ಗಾಳಿ ಚೀಲ ರಟ್ಟಿ ಸಾಕಷ್ಟು ಸುತ್ತೂದಿಲ್ಲ. ರಕ್ತನಾಳ ಒತ್ತಾಕ ಹೆಚ್ಚು ಗಾಳಿ ಬೇಕಾಗ್ತೈತಿ, ಆ ಹೆಚ್ಚಿನ ಒತ್ತಡಾನ ಮಷಿನ್ ಬಿಪಿ ಅಂತ ತೋರಸ್ತೈತಿ. ದೊಡ್ಡದಾದ್ರ ಉಲ್ಟಾ, ಕಡಿಮಿ ಬರ್ತೈತಿ. ಒಂದು ಕಂಪನಿ ಮಷಿನ್‌ಗೆ ಇನ್ನೊಂದು ಕಂಪನಿ ಪಟ್ಟಿ ಹಾಕಬ್ಯಾಡ್ರಿ, ಪಿನ್ ಸರಿಯಾಗಿ ಕುಂತ್ರೂ ಬ್ಯಾಡ.

ಗದಗದಿಂದ:
ಮಾಡೆಲ್ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಪೂರ್ತಿ ಮಾಡೆಲ್ ನಂಬರ್ ಗುರುತು ಹಾಕಿಕೊಂಡು ಸ್ಟ್ರೈಡ್ ಬಿಪಿ ಜಾಲತಾಣದ ಯಾದಿಯಲ್ಲಿ ಹುಡುಕಿ. ಪರೀಕ್ಷೆಯಲ್ಲಿ ಪಾಸಾದ ಮಾಡೆಲ್‌ಗಳು ಅಲ್ಲಿವೆ. ಒಂದೇ ಕಂಪನಿಯ ಒಂದು ಮಾಡೆಲ್ ಇರುತ್ತದೆ, ಇನ್ನೊಂದು ಇರುವುದಿಲ್ಲ. ಬ್ಲೂಟೂತ್‌ಗೆ ದುಡ್ಡು ಹಾಕುವ ಅಗತ್ಯ ಕಾಣೆ. ಅಂಕಿ ದೊಡ್ಡದಿರಲಿ, ಹಳೆಯ ರೀಡಿಂಗ್ ಉಳಿದಿರಲಿ, ಸಾಕು.

ಇನ್ನು ಕೂರುವ ರೀತಿ. ನಮ್ಮ ಕಡೆ ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಬಿಪಿ ನೋಡುವಾಗ ಅದು ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ. ಕೈಯನ್ನು ಟೇಬಲ್ ಮೇಲಿಟ್ಟು ಕೆಳಗೆ ಕೌದಿ ಮಡಚಿ ಕೊಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರುವಷ್ಟು ಎತ್ತರ. ಚಹಾ ಕುಡಿದು, ಎಲೆ-ಅಡಿಕೆ ತಂಬಾಕು ಹಾಕಿ ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಟನ್ ಒತ್ತಿ. ಗಾಳಿ ತುಂಬುವಾಗ ಅವರೂ ಮಾತಾಡಬಾರದು, ನೀವೂ ಮಾತಾಡಿಸಬಾರದು.

ಮುಖ್ಯವಾಗಿ ಕುಬುಸದ ತೋಳು. ಬಿಗಿ ತೋಳನ್ನು ಮೇಲಕ್ಕೆ ಸುತ್ತಿ ಸರಿಸಿದರೆ ಅದು ಹಗ್ಗ ಕಟ್ಟಿದ ಹಾಗೆ ರಟ್ಟೆಯನ್ನು ಹಿಚುಕುತ್ತದೆ, ರೀಡಿಂಗ್ ಹಾಳು. ಬೆಳಿಗ್ಗೆ ಸಡಿಲ ತೋಳಿನದು ಹಾಕಿಸಿ ಅಥವಾ ಆ ತೋಳು ತೆಗೆಸಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಚುವ ಗೆರೆಯಿಂದ ಎರಡು ಬೆರಳು ಮೇಲಿರಲಿ, ನಳಿಗೆ ಒಳಬದಿಯಿಂದ ಅಂಗೈ ಕಡೆಗೆ ಬರಲಿ. ಸುತ್ತಿದ ಮೇಲೆ ಒಳಗೆ ಒಂದೆರಡು ಬೆರಳು ಹೋಗುವಷ್ಟು ಸಡಿಲ ಇದ್ದರೆ ಸರಿ.

ಕೇಳಿದವರು, ಹುಬ್ಬಳ್ಳಿ:
ಸುತ್ತಳತಿ 35 ಬಂತ್ರಿ, 22-42ರ ಪಟ್ಟೀದ ತಂದ್ವಿ. ಮುಂಜಾನೆ 152, ಒಂದು ನಿಮಿಷ ಬಿಟ್ಟು 141, ಮತ್ತ 138. ಮಷಿನ್ ಕೆಟ್ಟೈತೇನು?

ಹಾವೇರಿಯಿಂದ:
ಕೆಟ್ಟಿಲ್ಲರಿ. ಬಿಪಿ ಒಂದೊಂದು ಬಡಿತಕ್ಕೂ ಬದಲಾಗ್ತಿರ್ತೈತಿ, ಮೊದಲನೇದು ಸಾಮಾನ್ಯವಾಗಿ ಹೆಚ್ಚು. ಅದಕ್ಕ ಒಂದು ರೀಡಿಂಗ್ ನಂಬೂದಿಲ್ಲ. ಮುಂಜಾನೆ ಗುಳಿಗಿ, ನಾಷ್ಟಾಕ್ಕಿಂತ ಮೊದಲು ಎರಡು ಸಲ, ಸಂಜೀಕ ಎರಡು ಸಲ, ನಡುವ ಒಂದು ನಿಮಿಷ ಅಂತರ, 7 ದಿನ. ಮೊದಲ ದಿನದ್ದು ಬಿಟ್ಟು ಉಳಿದ 24ರ ಸರಾಸರಿ ತಗೀರಿ, ಮ್ಯಾಲಿಂದು ಬ್ಯಾರೆ, ಕೆಳಗಿಂದು ಬ್ಯಾರೆ. ದವಾಖಾನ್ಯಾಗ 140/90 ಗೆರಿ ಆದ್ರ ಮನ್ಯಾಗ 135/85. ಹೆಚ್ಚು ಬಂದದ್ದು ತಪ್ಪಿರಬೇಕಂತ ಬರೀದ ಬಿಡಬ್ಯಾಡ್ರಿ, ಬಂದದ್ದೆಲ್ಲಾ ಬರೀರಿ. ಆ ಅಂಕಿ ನೋಡಿ ನೀವ ಗುಳಿಗಿ ಹೆಚ್ಚು-ಕಡಿಮಿ ಮಾಡಬ್ಯಾಡ್ರಿ.

ಮೊದಲ ದಿನ ಎರಡೂ ರಟ್ಟಿ ನೋಡ್ರಿ. ಹೆಚ್ಚು ಬಂದ ಕೈನ ಮುಂದ ಯಾವಾಗಲೂ ಬಳಸ್ರಿ. ಎರಡರ ನಡುವ ಮತ್ತಮತ್ತ 10-15 ಫರಕ್ ಬಂದ್ರ ಡಾಕ್ಟರಿಗೆ ಹೇಳ್ರಿ. ನಾಡಿ ತಪ್ಪೋ ಗುರುತು ಪದೇ ಪದೇ ಮೂಡಿದ್ರೂ ಹೇಳ್ರಿ, ಬಡಿತ ಏರುಪೇರಾದ್ರ ಮಷಿನ್ ಲೆಕ್ಕನೂ ಏರುಪೇರು.

ಗಾಳಿ ತುಂಬಿ ತುಂಬಿ ಎರರ್ ಬಂದ್ರ ಪಿನ್ ಸಡಿಲ, ಇಲ್ಲಾ ನಳಿಗಿ ಸೀಳೈತಿ. ನಳಿಗೀನ ಮಷಿನ್‌ಗೆ ಬಿಗಿಯಾಗಿ ಸುತ್ತಿ ಇಡೂದ್ರಿಂದ ಬುಡದಾಗ ಸೀಳ್ತೈತಿ. ಪಂಪ್ ನಿಧಾನ ಆದ್ರ ನಾಲ್ಕೂ ಪೆನ್ಸಿಲ್ ಸೆಲ್ ಒಮ್ಮೆಲೆ ಬದಲಿ ಮಾಡ್ರಿ. ವರ್ಷಕ್ಕೊಮ್ಮೆ ಮಷಿನ್ ದವಾಖಾನಿಗೆ ಒಯ್ದು ಅಲ್ಲಿಯ ಮಷಿನ್ ಜೋಡಿ ಅದೇ ಕೈಯಾಗ ತಾಳೆ ನೋಡ್ರಿ.

ಧಾರವಾಡದಿಂದ:
ಒಂದು ಉಳೀತು. 180/120 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಗಾಬರಿಯಾಗದ ಐದು ನಿಮಿಷ ಕೂಡಿಸಿ ಮತ್ತ ನೋಡ್ರಿ. ಆಗೂ ಅಷ್ಟ ಇದ್ರ ಅವತ್ತ ಡಾಕ್ಟರಿಗೆ ಫೋನ್ ಮಾಡ್ರಿ. ಆದ್ರ ಅದರ ಜೋಡಿ ಎದಿ ನೋವು, ಉಸಿರು ಕಟ್ಟೋದು, ಬಾಯಿ ಸೊಟ್ಟಾಗೋದು, ಮಾತು ತೊದಲೋದು, ಒಂದು ಕೈ-ಕಾಲು ಸೋಲೋದು ಇದ್ರ ಎರಡನೇ ಸಲ ನೋಡ್ಕೋತ ಕೂಡಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ.